ಗಡಿಯಾರದವನ ಕತೆಗೆ ಅಕ್ಕ ಕೊಟ್ಟ ತೀರ್ಪು

ಅಕ್ಕನ ಕಣ್ಣಿನ ನಡುಮಧ್ಯೆ ಒಂದು ಮಬ್ಬು ಚುಕ್ಕೆ ಬಂದು ಕೂತಿದೆ. ನೋಡಬೇಕು ಅಂದದ್ದೆಲ್ಲ ಆ ಚುಕ್ಕೆಯ ಹಿಂದೆ ಹೋಗಿ ಅಡಗಿಕೊಳ್ಳುತ್ತದಂತೆ, ಬೇಡದ್ದೆಲ್ಲ ಸುತ್ತಲೂ ಚೆನ್ನಾಗಿ ಕಾಣುತ್ತದಂತೆ. "ನಿನ್ನ ಕಿವಿ ಕಾಣುತ್ತೆ, ಮುಖ ಕಾಣಲ್ಲ. ಮೊದಲಿಗಿಂತ ಇದೇ ವಾಸಿ" ಎಂದು ತಮಾಷೆ ಮಾಡುತ್ತಾಳೆ. ಆದರೆ ಅಕ್ಷರವೂ ಆ ಚುಕ್ಕೆಯ ಹಿಂದೆಯೇ ಹೋಯಿತು. ಅದಕ್ಕೆ ಮಾತ್ರ ಅವಳ ಬಳಿ ತಮಾಷೆಯಿಲ್ಲ.

ಎಲ್ಲರೂ ಅವಳನ್ನು ಓದಕ್ಕ ಎಂದೇ ಕರೆಯುತ್ತಿದ್ದರು. ಈಗ ಓದುವ ಕೆಲಸ ನನ್ನ ತಲೆಗೆ ಬಂದಿದೆ. ನಾನು ಎರಡನೇ ತರಗತಿಗೇ ಶಾಲೆಗೆ ಬೆನ್ನು ತಿರುಗಿಸಿದವಳು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒತ್ತಕ್ಷರ ಬಂದಲ್ಲಿ ನಿಂತು ಉಸಿರು ತೆಗೆದುಕೊಂಡು ಮುಂದೆ ಹೋಗಬೇಕು. ನನ್ನ ಓದಿನಲ್ಲಿ ಕುದುರೆ ಓಡುವುದಿಲ್ಲ, ಕುಂಟುತ್ತದೆ. ಅಕ್ಕ ಒಂದು ದಿನವೂ ಬೇಗ ಓದು ಅಂದಿಲ್ಲ.

ಮೊನ್ನೆ ಮೊನ್ನೆ, ತಿಂಡಿ ತಿಂದು ಕೂತಿದ್ದಾಗ, "ಗಡಿಯಾರದವನ ಕಾದಂಬರಿ ಒಂದಿತ್ತಲ್ಲ, ಎಲ್ಲಾದರೂ ಸಿಕ್ಕರೆ ತಂದು ಓದ್ತೀಯಾ?" ಎಂದಳು.

"ಅದನ್ನ ನೀನು ಎಲ್ಲರೆದುರು ಜಾಡಿಸಿ ಹಾಕಿದ್ದೆಯಲ್ಲೇ!"

"ಹಾಕಿದ್ದೆ. ಅದಕ್ಕೇ ಕೇಳ್ತಿರೋದು" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಮುಖ ನೋಡಿ ನನಗೆ ಇದು ಬರೀ ಪುಸ್ತಕದ ಮಾತಲ್ಲ ಅನ್ನಿಸಿತು. ಯಾವ ಮಾತು ಎಂದು ತಿಳಿಯಬೇಕಾದರೆ ನಮ್ಮ ರಜಾಯಿ ಕೋಣೆಯಿಂದಲೇ ಹೇಳಬೇಕು.

ನಾವಿಬ್ಬರೂ ಪ್ರಾಯದಲ್ಲಿ ರಜಾಯಿ ಹೊಲಿಯುವ ಕೆಲಸದಲ್ಲಿದ್ದೆವು. ಉದ್ದನೆಯ ಕೋಣೆ, ಬೀದಿಯ ಕಡೆಗೆ ಸಾಲು ಕಿಟಕಿ, ನಡುವೆ ದೊಡ್ಡದೊಂದು ಮರದ ಚೌಕಟ್ಟು. ಎರಡು ಬಟ್ಟೆಯ ನಡುವೆ ಹತ್ತಿ ಹರಡಿ, ಚೌಕಟ್ಟಿಗೆ ಬಿಗಿದು, ಸುತ್ತಲೂ ಕೂತು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರಬೇಕು. ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಹೀಗಾಗಿ ಮಧ್ಯಾಹ್ನದ ಹೊತ್ತಿಗೆ ಯಾರದ್ದಾದರೂ ಜಗಳ ಹೊತ್ತಿಕೊಳ್ಳುತ್ತಿತ್ತು. ನಮ್ಮ ಯಜಮಾನತಿ ಜಾಣೆ. ಒಬ್ಬಳು ಕತೆ ಓದಲಿ, ಉಳಿದವರು ಕೇಳುತ್ತ ಹೊಲಿಯಲಿ, ಓದುವವಳ ಪಾಲಿನ ಅಂಚನ್ನು ಅವಳ ಎಡಬಲದವರು ಹಂಚಿಕೊಳ್ಳಲಿ ಎಂದು ಏರ್ಪಾಡು ಮಾಡಿದಳು. ಅಕ್ಕ ಏಳನೇ ತರಗತಿವರೆಗೆ ಓದಿದ್ದಳು, ದನಿಯೂ ಗಂಟೆಯ ಹಾಗಿತ್ತು. ಅವಳೇ ಓದುವವಳಾದಳು. ಅವಳ ಎಡಕ್ಕೆ ಕೂರುತ್ತಿದ್ದವಳು ನಾನು. ಅವಳ ಅರ್ಧ ಅಂಚು ಹೊಲಿದು ಹೊಲಿದೇ ನನಗೆ ಕತೆ ಕೇಳುವ ಚಟ ಹತ್ತಿದ್ದು.

ನಮಗೆ ಪುಸ್ತಕ ತರುತ್ತಿದ್ದವರೊಬ್ಬರಿದ್ದರು, ಪುಸ್ತಕದವರು ಎಂದೇ ಕರೆಯುತ್ತಿದ್ದೆವು. ಬಾಡಿಗೆ ಪುಸ್ತಕದ ಅಂಗಡಿಯ ಕೆಲಸ ಅವರದು. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಒಳ್ಳೇ ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ನಿಲ್ಲಬೇಕು. ಒಳಗೆ ಅಷ್ಟು ಹೆಂಗಸರು ಒಟ್ಟಿಗೆ ತಲೆ ಎತ್ತಿ ನೋಡಿದರೆ ಅವರ ಬಾಯಿಗೆ ಬೀಗ ಬೀಳುತ್ತಿತ್ತು. ಹೊಸ ಪುಸ್ತಕ ಹೊಸ್ತಿಲ ಮೇಲಿಟ್ಟು, ಹಳೆಯದನ್ನು ಇಸಿದುಕೊಂಡು, ದಾರದಲ್ಲಿ ಕಟ್ಟಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಪೆಟ್ಟಿಗೆಗೆ ಸೇರಿಸುವರು. ಆ ಗಂಟು ಹಾಕುವಷ್ಟು ಹೊತ್ತಿನಲ್ಲಿ ಅಕ್ಕ ತೀರ್ಪು ಹೇಳಬೇಕು. ಅದು ನಮ್ಮ ಕೋಣೆಯ ಪದ್ಧತಿ. ಮುಗಿದ ಪುಸ್ತಕ ಹೊರಗೆ ಹೋಗುವ ಮೊದಲು ಓದಕ್ಕ ಅದಕ್ಕೆ ಒಂದು ಮಾತು ಹೇಳಿಯೇ ಕಳಿಸಬೇಕು. ಅದನ್ನು ಕೇಳಲು ಎಲ್ಲರ ಸೂಜಿಯೂ ನಿಲ್ಲುತ್ತಿತ್ತು.

ಅಕ್ಕ ರಾಜರ ಪಕ್ಷ. "ರಾಜರ ಕಾದಂಬರೀಲಿ ಎಲ್ಲರೂ ಆಗಲೇ ಸತ್ತುಹೋಗಿದ್ದಾರೆ. ಬರೆಯೋನು ಏನು ತಿಪ್ಪರಲಾಗ ಹಾಕಿದ್ರೂ ಯಾರನ್ನೂ ಉಳಿಸೋಕಾಗಲ್ಲ. ಅದಕ್ಕೇ ಅವನು ಸ್ವಲ್ಪ ನಿಯತ್ತಾಗಿರ್ತಾನೆ. ಪ್ರೀತಿ ಕಾದಂಬರಿಯೋನಿಗೆ ಕೇಳೋರು ಯಾರು? ಮಳೆ ಬೇಕಂದ್ರೆ ಮಳೆ, ಕಾಯಿಲೆ ಬೇಕಂದ್ರೆ ಕಾಯಿಲೆ. ಕೊನೆಗೆ ಹಾರ ಹಾಕಿಸಿಬಿಡ್ತಾನೆ" ಅನ್ನುತ್ತಿದ್ದಳು.

ಇದಕ್ಕೆ ಎದುರಾಳಿ ಗುಂಡುಸೂಜಿ. ಅವಳು ಗಿಡ್ಡ, ತೆಳ್ಳಗೆ, ಮಾತು ಮಾತ್ರ ಚುಚ್ಚು. "ನಿನ್ನ ರಾಣಿಯರು ಯಾವಾಗ ನೋಡಿದ್ರೂ ಪಲ್ಲಕ್ಕೀಲೇ ಕೂತಿರ್ತಾರಲ್ಲೇ ಓದಕ್ಕ, ಅವರಿಗೆ ಕಾಲು ಜೋಮು ಹಿಡಿಯಲ್ವಾ? ಒಬ್ಬಳಾದ್ರೂ ಇಳಿದು ಒಂದು ಚೊಂಬು ನೀರು ಕುಡಿದಿದ್ದು ನಾನು ಕಾಣೆ."

ಮೂಲೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಮುದುಕಿಯೊಬ್ಬಳಿದ್ದಳು, ಹತ್ತಿ ಅಜ್ಜಿ. ಕತೆಯಲ್ಲಿ ಯುದ್ಧ ಶುರುವಾದರೆ ಹತ್ತಿಯ ರಾಶಿಗೆ ಒರಗಿ ನಿದ್ದೆ ಹೋಗುವಳು, ಗದ್ದಲ ನಿಂತ ಕೂಡಲೇ ಕಣ್ಣು ಬಿಟ್ಟು ಒಂದೇ ಪ್ರಶ್ನೆ ಕೇಳುವಳು: "ಕೊನೆಗೆ ಮದುವೆ ಆಯ್ತಾ?" ಯಾವ ಪುಸ್ತಕಕ್ಕಾದರೂ ಅದೇ ಪ್ರಶ್ನೆ. ಕೋಟೆ ಬಿದ್ದು, ರಾಜ ಸತ್ತು, ಸೇನೆ ಚೆಲ್ಲಾಪಿಲ್ಲಿಯಾದ ಮೇಲೂ ಮದುವೆ ಆಯ್ತಾ ಎಂದು ಕೇಳಿ ನಮ್ಮನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿದ್ದಾಳೆ.

ಯಜಮಾನತಿಗೂ ಒಂದು ಅಭಿಪ್ರಾಯವಿತ್ತು. ಯುದ್ಧದ ಕತೆ ಓದಿದ ದಿನ ನಮ್ಮ ಹೊಲಿಗೆ ಸಣ್ಣಗೆ, ಬಿಗಿಯಾಗಿ ಬೀಳುತ್ತಿತ್ತು. ಪ್ರೀತಿಯ ದಿನ ಉದ್ದುದ್ದ, ಸಡಿಲ. ಚೌಕಟ್ಟಿನಿಂದ ಬಿಚ್ಚಿದ ರಜಾಯಿಯನ್ನು ಬೆಳಕಿಗೆ ಹಿಡಿದು, "ಇಲ್ಲಿ ಯಾರೋ ಯಾರದ್ದೋ ಕೈ ಹಿಡಿದ್ರು ಅಲ್ವಾ? ಬಿಚ್ಚಿ, ಮತ್ತೆ ಹೊಲೀರಿ" ಎನ್ನುತ್ತಿದ್ದಳು. ಅವಳ ಮಾತು ಒಂದು ಸಲವೂ ತಪ್ಪುತ್ತಿರಲಿಲ್ಲ.

ಅಪ್ಪ ತೀರಿಕೊಂಡಿದ್ದರು, ಅಮ್ಮ ಹಾಸಿಗೆ ಹಿಡಿದಿದ್ದಳು. ನನ್ನ ಮದುವೆ ಮಾಡಿಸಿದವಳು ಅಕ್ಕನೇ. ತನ್ನ ಮದುವೆಯ ಮಾತು ಬಂದರೆ "ನನಗೆ ರಾಜರೇ ಸಾಕು" ಎಂದು ತೇಲಿಸಿಬಿಡುತ್ತಿದ್ದಳು. ಆಡಿ ಆಡಿ ಆ ಮಾತು ಅವಳ ಮೈಗೆ ಹೊಲಿದ ಅಂಗಿಯಾಯಿತು. ಕೋಣೆಯವರೆಲ್ಲ ಅವಳನ್ನು ಆ ಅಂಗಿಯಲ್ಲೇ ನೋಡಲು ಬಯಸುತ್ತಿದ್ದರು. ಪ್ರೀತಿ ಕಾದಂಬರಿ ಮುಗಿದ ದಿನ, ಪುಸ್ತಕದವರ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, "ಇವತ್ತು ಚರ್ಮ ಸುಲೀತಾಳೆ ನೋಡಿ" ಎಂದು ಕಾಯುವರು.

ಹೀಗಿರುವಾಗ ಬಂತು ಗಡಿಯಾರದವನ ಕಾದಂಬರಿ. ಕತೆ ಇಷ್ಟೇ. ಒಬ್ಬ ಗಡಿಯಾರ ರಿಪೇರಿಯವನು. ಒಂದು ಮನೆಯ ಗೋಡೆ ಗಡಿಯಾರಕ್ಕೆ ಕೀ ಕೊಡಲು ವಾರ ವಾರ ಹೋಗುತ್ತಾನೆ. ಕೀ ಕೊಡುವುದೇನು ಮಹಾ ಕೆಲಸ, ಮನೆಯವರೇ ಕೊಟ್ಟುಕೊಳ್ಳಬಹುದು. ಆ ಮನೆಯ ದೊಡ್ಡ ಮಗಳಿಗೆ ಅದು ಗೊತ್ತು, ಅವನಿಗೂ ಗೊತ್ತು. ಇಬ್ಬರೂ ಗಡಿಯಾರದ ಮಾತೇ ಆಡುತ್ತಾರೆ. ಕೊನೆಗೆ ಒಂದು ದಿನ ಅವಳು, ಗಡಿಯಾರ ಸರಿಯಾಗಿಯೇ ಇದೆಯಲ್ಲ, ಮತ್ತೆ ಯಾಕೆ ಬರ್ತೀರಿ ಎನ್ನುತ್ತಾಳೆ. ಅವನು ಏಣಿಯ ಮೇಲಿಂದ ಇಳಿಯದೆ ನಿಂತುಬಿಡುತ್ತಾನೆ. ಅವಳೇ ಏಣಿ ಹಿಡಿದುಕೊಂಡು, ಇಳೀರಿ, ಮನೆಯವರ ಹತ್ತಿರ ನಾನು ಮಾತಾಡ್ತೀನಿ ಎನ್ನುತ್ತಾಳೆ.

ಅದನ್ನು ಓದುವಾಗ ಅಕ್ಕ ಬೇರೆಯೇ ಆಗಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಮುಂದಿನ ಅಧ್ಯಾಯ ಒಮ್ಮೆ ನೋಡಿಕೊಳ್ಳುವುದು ಅವಳ ರೂಢಿ. ಆ ಪುಸ್ತಕದ ಕೊನೆಯ ಅಧ್ಯಾಯ ನೋಡುವಾಗ ಹಾಲು ಉಕ್ಕಿ ಒಲೆ ಆರಿದರೂ ಅವಳಿಗೆ ಗೊತ್ತಾಗಿರಲಿಲ್ಲ ಎಂದು ಅಮ್ಮ ನನ್ನ ಹತ್ತಿರ ದೂರಿದ್ದಳು. ಆದರೆ ಅದೇ ಅಧ್ಯಾಯವನ್ನು ಕೋಣೆಯಲ್ಲಿ ಓದುವಾಗ ಬಸ್ಸು ತಪ್ಪಿಹೋಗುತ್ತದೇನೋ ಅನ್ನುವಂತೆ ಓಡಿಸಿ ಮುಗಿಸಿದಳು. ಗುಂಡುಸೂಜಿ "ಅಯ್ಯೋ, ಏಣಿ ಹತ್ತಿರ ಸ್ವಲ್ಪ ನಿಲ್ಲೇ!" ಎಂದು ಕೂಗಿದರೂ ನಿಲ್ಲಲಿಲ್ಲ.

ಪುಸ್ತಕದವರು ಬಂದರು. ಅವತ್ತು ಹೊಸದಾಗಿ ಕ್ಷೌರ ಮಾಡಿಸಿದ್ದರು, ಕಿವಿಯ ಹಿಂದೆ ಕೂದಲ ಚೂರು ಇನ್ನೂ ಅಂಟಿತ್ತು. ಹೊಸ ಪುಸ್ತಕವನ್ನು ಹೊಸ್ತಿಲ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡು ನಿಂತರು.

"ಹೂಂ, ಹೇಳೇ ಓದಕ್ಕ, ಗಡಿಯಾರದವನ ಗತಿ ಏನು?" ಎಂದಳು ಗುಂಡುಸೂಜಿ.

ಅಷ್ಟರಲ್ಲಿ ಹತ್ತಿ ಅಜ್ಜಿ ಎಚ್ಚರವಾಗಿ, "ಕೊನೆಗೆ ಮದುವೆ ಆಯ್ತಾ?" ಎಂದಳು.

"ಆಯ್ತು ಅಜ್ಜಿ," ಎಂದಳು ಅಕ್ಕ. "ಆಗಬಾರದಿತ್ತು."

ಕೋಣೆ ಗೊಳ್ಳೆಂದಿತು. ಎಂದೂ ಬಾಯಿ ಬಿಡದ ಪುಸ್ತಕದವರು ಬಾಗಿಲಿಂದ ಕೇಳಿದರು: "ಯಾಕೆ... ಯಾಕೆ ಆಗಬಾರದಿತ್ತು?"

ಎಲ್ಲರೂ ತಿರುಗಿ ನೋಡಿದರು. ಅಕ್ಕನ ಮುಖ ಕೆಂಪಗಾಯಿತು. ನಾನು ಅದನ್ನು ತೀರ್ಪು ಹೇಳುವ ಹುರುಪು ಅಂದುಕೊಂಡೆ. "ಬಾಯಿಬಿಟ್ಟು ಒಂದು ಮಾತು ಕೇಳೋಕಾಗದವನು ಸಂಸಾರ ಏನು ಮಾಡ್ತಾನೆ ರೀ? ಏಣಿ ಮೇಲೆ ನಿಂತ್ಕೊಂಡೇ ಇರ್ತಾನಾ? ಅವಳಾದ್ರೂ ಎಂಥವಳು! ವಾರಕ್ಕೊಂದು ಸಲ ಕೀ ಕೊಟ್ಟಿದ್ದಕ್ಕೆ ಬದುಕನ್ನೇ ಕೊಟ್ಟುಬಿಟ್ಟಳು. ನಾನಾಗಿದ್ರೆ ಏಣಿ ತೆಗೆದು ಗೋಡೆಗೆ ಒರಗಿಸ್ತಿದ್ದೆ, ಹೋಗಿಬನ್ನಿ ಅಂತಿದ್ದೆ."

ನಗುವೋ ನಗು. ಗುಂಡುಸೂಜಿ ಚೌಕಟ್ಟು ಬಡಿದ ರಭಸಕ್ಕೆ ನನ್ನ ಸೂಜಿಯಿಂದ ದಾರ ಕಳಚಿತು. ಪುಸ್ತಕದವರೂ ನಕ್ಕರು. ಪುಸ್ತಕ ಇಸಿದುಕೊಂಡು ದಾರ ಸುತ್ತಿ ಗಂಟು ಹಾಕಿದರು. ಎರಡನೇ ಗಂಟು ಹಾಕಲಿಲ್ಲ.

"ಸರಿ. ಇನ್ನು ಮೇಲೆ ರಾಜರದ್ದೇ ತರ್ತೀನಿ" ಎಂದರು.

ಹಾಗೆಯೇ ತಂದರು. ಕೋಟೆಯ ಮೇಲೆ ಕೋಟೆ ಬಂತು. ಗುಂಡುಸೂಜಿ ಮುಖ ಊದಿಸಿಕೊಂಡಳು, ಯಜಮಾನತಿ ಹಿಗ್ಗಿದಳು. ಆದರೆ ಪುಸ್ತಕದವರು ತೀರ್ಪಿಗೆ ನಿಲ್ಲುವುದನ್ನು ಬಿಟ್ಟರು. ಹೊಸ್ತಿಲ ಮೇಲೆ ಇಡುವುದು, ತೆಗೆದುಕೊಳ್ಳುವುದು, ಗಂಟನ್ನು ಬೀದಿಯಲ್ಲಿ ಸೈಕಲ್ಲಿನ ಹತ್ತಿರ ಹಾಕಿಕೊಳ್ಳುವುದು. ಅಕ್ಕ ತೆರೆದ ಬಾಯಿ ಮುಚ್ಚುವುದರೊಳಗೆ ಸೈಕಲ್ ಮೂಲೆ ತಿರುಗಿರುತ್ತಿತ್ತು. ಮುಂದಿನ ಮಳೆಗಾಲದಲ್ಲಿ ಅದೇ ಪೆಟ್ಟಿಗೆ ಕಟ್ಟಿಕೊಂಡು ಬೇರೊಬ್ಬರು ಬಂದರು. ಮೊದಲಿನವರನ್ನು ಅಂಗಡಿಯಲ್ಲೇ ಕೂರಿಸಿದ್ದಾರೆ, ಮದುವೆಯೂ ಆಯಿತು ಎಂದರು. ಅಕ್ಕ "ಒಳ್ಳೇದಾಯ್ತು" ಎಂದಳು. ಅವತ್ತಿನಿಂದ ಅವಳು ಓದುವುದನ್ನು ಬಿಡಲಿಲ್ಲ, ತೀರ್ಪು ಹೇಳುವುದನ್ನು ಬಿಟ್ಟಳು. ಯಾರಾದರೂ ಒತ್ತಾಯ ಮಾಡಿದರೆ "ಚೆನ್ನಾಗಿದೆ, ಇನ್ನೇನು" ಅನ್ನುವಳು. ಬೇಸರವಾಗಿರಬೇಕು ಅಂದುಕೊಂಡು ನಾವೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಕಾಲಕ್ರಮೇಣ ರಜಾಯಿ ಮಿಷನ್ನಿಗೆ ಹೋಯಿತು, ಕೋಣೆಗೆ ಬೀಗ ಬಿತ್ತು. ಅಮ್ಮ ಹೋದಳು, ನನ್ನವರೂ ಹೋದರು. ನಾನು ಬಟ್ಟೆಬರೆ ಕಟ್ಟಿಕೊಂಡು ಅಕ್ಕನ ಜೊತೆಗೆ ಬಂದೆ.

ಈಗ ಮೊನ್ನೆಯ ಮಾತಿಗೆ ಬರುತ್ತೇನೆ. ಪುಸ್ತಕ ಹುಡುಕಿಕೊಂಡು ಆ ಬಾಡಿಗೆ ಅಂಗಡಿಗೇ ಹೋದೆ. ಅಂಗಡಿ ಅರ್ಧವಾಗಿದೆ, ಇನ್ನರ್ಧದಲ್ಲಿ ಮೊಬೈಲ್ ರಿಪೇರಿ. ಪುಸ್ತಕಗಳ ನಡುವೆ ಎತ್ತರದ ಮುದುಕರೊಬ್ಬರು ಸ್ಟೂಲಿನ ಮೇಲೆ ಮಡಿಸಿಟ್ಟ ಹಾಗೆ ಕೂತಿದ್ದರು. ನಾನು ಗುರುತು ಹಿಡಿಯುವ ಮೊದಲೇ "ರಜಾಯಿ ಕೋಣೆಯವರಲ್ವಾ? ಓದಕ್ಕನ ತಂಗಿ" ಎಂದರು.

ಯಾವ ಪುಸ್ತಕ ಎಂದು ಹೇಳಿದೆ.

"ಅದು ನಿಮ್ಮಕ್ಕನಿಗೆ ಹಿಡಿಸಲಿಲ್ಲವಲ್ಲ."

"ನಿಮಗಿನ್ನೂ ನೆನಪಿದೆಯಾ?"

"ಬಾಯಿಬಿಟ್ಟು ಒಂದು ಮಾತು ಕೇಳೋಕಾಗದವನು ಸಂಸಾರ ಏನು ಮಾಡ್ತಾನೆ ಅಂದ್ರು. ಏಣಿ ತೆಗೆದು ಒರಗಿಸ್ತಿದ್ದೆ ಅಂದ್ರು." ಆವತ್ತು ನಕ್ಕ ನಗುವನ್ನೇ ಮತ್ತೆ ನಕ್ಕರು. ಎದ್ದು ಹಿಂದಿನ ಕಪಾಟಿನ ಮೇಲಟ್ಟದಿಂದ, ಹುಡುಕದೆಯೇ, ಆ ಪುಸ್ತಕ ಇಳಿಸಿದರು. ಬೆನ್ನಿಗೆ ಹೊಸ ಬಟ್ಟೆ ಅಂಟಿಸಿತ್ತು. "ನಿಮಗೆ ತರುತ್ತಿದ್ದ ಬೇರೆ ಪುಸ್ತಕವೆಲ್ಲ ಕೈಗೆ ಸಿಕ್ಕಿದ್ದು. ಇದೊಂದನ್ನ ಮಾತ್ರ ಆರಿಸಿ ತಂದಿದ್ದೆ. ನನಗೆ ಅಷ್ಟು ಜನರ ಮುಂದೆ ನಾಲಿಗೆ ಏಳ್ತಿರಲಿಲ್ಲ, ನಿಮಗೇ ಗೊತ್ತಲ್ಲ. ಕೇಳೋದನ್ನ ಇದರ ಕೈಲೇ ಕೇಳಿಸಿಬಿಡೋಣ ಅಂದ್ಕೊಂಡೆ. ಉತ್ತರಾನೂ ಸಿಕ್ಕಿತು. ಬೇಜಾರೇನಿಲ್ಲಮ್ಮ, ನೇರವಾಗೇ ಸಿಕ್ಕಿತು."

ಒಳಗಿನಿಂದ ಅವರ ಹೆಂಡತಿ ಇಣುಕಿ ನನಗೆ ಕುಡಿಯಲು ನೀರು ತಂದುಕೊಟ್ಟರು. ನಗುಮುಖದ ಹೆಂಗಸು. ಗಂಡನ ಅಂಗಿಯ ಗುಂಡಿ ಬಿಚ್ಚಿದ್ದನ್ನು ಮಾತಿನ ನಡುವೆಯೇ ಹಾಕಿ ಹೋದರು.

ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ಯೋಚಿಸುತ್ತ ಮನೆ ತಲುಪಿದೆ. ಅಕ್ಕನಿಗೆ ಮುಖ ಕಾಣದಿದ್ದರೇನು, ನಾನು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅವಳಿಗೆ ಎಲ್ಲ ತಿಳಿಯುತ್ತದೆ.

"ಅವರೇ ಇದ್ರಾ ಅಂಗಡೀಲಿ?"

"ಇದ್ರು."

"ಏನಂದ್ರು?"

ಹೇಳಿದೆ, ಒಂದಕ್ಷರ ಬಿಡದೆ. ಅಕ್ಕ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೆನ್ನು ಸವರುತ್ತ ಕೂತಿದ್ದಳು.

"ನನಗೆ ಅನುಮಾನ ಬಂದಿತ್ತು ಕಣೇ" ಎಂದಳು ಆಮೇಲೆ. "ಕಿಟಕೀಲಿ ನಿಂತು ಓದುವಾಗಲೇ ಬಂದಿತ್ತು. ಇದು ನನಗೇ ಅಂತ ತಂದಿದ್ದಾರೇನೋ ಅಂತ. ಮರುಗಳಿಗೇಲಿ ನಾಚಿಕೆ ಆಯ್ತು. ಪುಸ್ತಕ ಓದಿ ಅದರೊಳಗೆ ತನ್ನನ್ನ ಕಾಣೋ ಹುಡುಗೀರನ್ನ ನಾನೇ ಎಷ್ಟು ಸಲ ಆಡಿಕೊಂಡಿದ್ದೆ, ಹೇಳು. ನಾನೂ ಅದೇ ಸಾಲಿಗೆ ಸೇರಿಬಿಟ್ನಲ್ಲ ಅಂತ. ಆವತ್ತು ಅವರು ಯಾಕೆ ಅಂತ ಕೇಳಿದ್ರಲ್ಲ, ಆಗ ಅನುಮಾನ ಇನ್ನೂ ಗಟ್ಟಿಯಾಯ್ತು. ಎಲ್ಲರೂ ನನ್ನ ಬಾಯಿ ನೋಡ್ತಿದ್ರು. ಆ ಹೆಂಗಸರೆಲ್ಲ ಕಾಯ್ತಿದ್ದ ಮಾತೇ ಬಾಯಿಗೆ ಬಂತು. ನನ್ನದಲ್ಲ ಅದು, ಆ ಕೋಣೇದು."

"ಅವರ ಹಿಂದೆ ಹೋಗಿ ಹೇಳಬಹುದಿತ್ತಲ್ಲಕ್ಕ?"

"ಏನಂತ? ಕಾದಂಬರಿ ಚೆನ್ನಾಗಿತ್ತು ಅಂತಲಾ?" ನಗಲು ಹೋದಳು, ಆಗಲಿಲ್ಲ. "ಬಾಯಿಬಿಟ್ಟು ಕೇಳಲಿಲ್ಲ ಅಂತ ಅವನನ್ನ ಬೈದೆ. ನಾನು ಬಿಟ್ಟೆನಾ ಬಾಯಿ?"

ಆ ಕತೆ ಓದಿ ಮುಗಿಸಲು ನನಗೆ ಬಹಳ ದಿನ ಹಿಡಿಯಿತು. ಏಣಿಯ ಹತ್ತಿರ ಬಂದಾಗ ಅಕ್ಕ ಕೈ ಎತ್ತಿ "ಇಲ್ಲಿ ನಿಲ್ಲು" ಎಂದಳು. ನಿಂತೆ. ಬೀದಿಯಲ್ಲಿ ಯಾರೋ ಬಕೆಟ್ ಎಳೆದ ಸದ್ದಾಯಿತು. "ಈಗ ಓದು" ಎಂದಳು. ಓದಿದೆ. ನನಗೆ ಆವಾಗಲೇ ಹೊಳೆದದ್ದು: ಕಾದಂಬರಿಯಲ್ಲಿ ಅವನು ಇಳಿಯದೆ ನಿಂತರೆ ಅವಳ ಬಾಯಿಗೆ ಮಾತು ಕೊಟ್ಟು ಅವನನ್ನು ಇಳಿಸಲು ಬರೆಯುವವನೊಬ್ಬ ಇರುತ್ತಾನೆ. ನಮ್ಮ ಕೋಣೆಯಲ್ಲಿ ಅಂಥವನು ಯಾರೂ ಇರಲಿಲ್ಲ, ಬಾಗಿಲಲ್ಲಿ ನಿಂತವರು ನಿಂತ ಹಾಗೇ ಹೊರಟುಹೋದರು. ಪ್ರೀತಿ ಕಾದಂಬರಿ ಸುಳ್ಳು ಅನ್ನುವುದು ಇಷ್ಟಕ್ಕೇ ಇರಬೇಕು. ಉಳಿದದ್ದೆಲ್ಲ ನಿಜ.

ಕೊನೆಯ ಸಾಲು ಮುಗಿಸಿ ಪುಸ್ತಕ ಮುಚ್ಚಿದೆ. ಸುಮ್ಮನಿರಲಾರದೆ, ಹತ್ತಿ ಅಜ್ಜಿಯ ದನಿ ಮಾಡಿ ಕೇಳಿದೆ: "ಕೊನೆಗೆ ಮದುವೆ ಆಯ್ತಾ?"

ಅಕ್ಕ ಕೈ ಚಾಚಿ ಪುಸ್ತಕವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಆಯ್ತು ಅಜ್ಜಿ. ಆಗಬೇಕಾದ್ದೇ." ಮತ್ತೆ ಹೇಳಿದಳು, "ಪುಸ್ತಕ ವಾಪಸ್ ಕೊಡುವಾಗ ಅವರಿಗೆ ಇದನ್ನ ಹೇಳು. ಓದಕ್ಕನ ತೀರ್ಪು ಅಂತಷ್ಟೇ ಹೇಳು. ಬೇರೇನೂ ಸೇರಿಸಬೇಡ. ಅವರ ಹೆಂಡತಿ ಇದ್ರೆ ಆಯಮ್ಮನ ಎದುರಿಗೇ ಹೇಳು, ಮುಚ್ಚುಮರೆ ಬೇಡ."

ಹೋದೆ. ಅವರ ಹೆಂಡತಿಯೂ ಅಲ್ಲೇ ಕೂತು ಹರಿದ ಪುಸ್ತಕವೊಂದಕ್ಕೆ ಗೋಂದು ಹಚ್ಚುತ್ತಿದ್ದರು. "ಅಕ್ಕ ಮತ್ತೆ ಓದಿಸಿಕೊಂಡಳು. ಕೊನೆಗೆ ಮದುವೆ ಆಗಬೇಕಾದ್ದೇ ಅಂತ ಹೇಳಿ ಕಳಿಸಿದ್ದಾಳೆ" ಎಂದೆ.

ಪುಸ್ತಕದವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

"ಯಾವ ಪುಸ್ತಕ ರೀ?" ಎಂದರು ಹೆಂಡತಿ.

"ಹಳೇದು. ಒಬ್ಬ ಗಡಿಯಾರದವನ ಕತೆ."

"ಚೆನ್ನಾಗಿದೆಯಾ?"

"ಚೆನ್ನಾಗಿದೆಯಂತೆ" ಎಂದರು ಪುಸ್ತಕದವರು. "ಈ ಕಡೆಯ ಒಳ್ಳೇ ಓದುಗರೊಬ್ಬರು ಹೇಳಿದ್ದಾರೆ." ಸ್ವಲ್ಪ ಹೊತ್ತು ಕಪಾಟಿನ ಕಡೆ ತಿರುಗಿ ನಿಂತರು. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು, ದಾರ ಸುತ್ತಿ, ಗಂಟು ಹಾಕಿದರು. ಅದರ ಮೇಲೆ ಇನ್ನೊಂದು ಗಂಟು ಹಾಕಿ ನನ್ನ ಕೈಗಿತ್ತರು.

ಮನೆಯಲ್ಲಿ ಅಕ್ಕ ಆ ಗಂಟನ್ನು ಬೆರಳಲ್ಲಿ ತಡವಿದಳು. ಬಿಚ್ಚಲಿಕ್ಕೆ ಅವಸರ ಮಾಡಲಿಲ್ಲ.

"ರಾಜರದ್ದಾ?"

"ಹೂಂ. ದೊಡ್ಡದು. ಮೊದಲ ಪುಟದಲ್ಲೇ ಕೋಟೆ ಇದೆ."

"ಸರಿ ಬಿಡು. ಅದರಲ್ಲಿ ಎಲ್ಲರೂ ಆಗಲೇ ಸತ್ತುಹೋಗಿರ್ತಾರೆ" ಎಂದು ಗೋಡೆಗೆ ಒರಗಿ ಕೂತಳು. "ಓದು. ಮೆಲ್ಲಗೇ ಓದು."